ಅಮೆರಿಕದ ಆಲ್ಟರ್ನೇಟಿವ್ ಸ್ಕೂಲ್: ಒಪ್ಪುವ ಮೊದಲು ಏನು ಕೇಳಬೇಕು?

ಡಿಸೆಂಬರಿನಲ್ಲಿ ಅಮೆರಿಕದಿಂದ ಉಡುಪಿಗೆ ಬಂದ ಮಗಳು ಊಟದ ಹೊತ್ತಿಗೆ ಮೆಲ್ಲಗೆ ಹೇಳುತ್ತಾಳೆ: "ಇವನನ್ನು ಆಲ್ಟರ್ನೇಟಿವ್ ಸ್ಕೂಲಿಗೆ ಹಾಕಿ ಅಂತಿದ್ದಾರೆ." ಅಜ್ಜಿಗೆ ಗಾಬರಿ: "ಟಿಸಿ ಕೊಟ್ರಾ?"

ಟಿಸಿ ಅಲ್ಲ ಮಾರಾಯ್ರೆ. ಅಲ್ಲಿ ಮಿಡಲ್ ಸ್ಕೂಲ್ ಅಂದರೆ ಸಾಮಾನ್ಯವಾಗಿ 6ರಿಂದ 8ನೇ ಕ್ಲಾಸು. ಪೀರಿಯಡ್ಡಿಗೊಂದು ಕೋಣೆ, ವಿಷಯಕ್ಕೊಬ್ಬರು ಟೀಚರು. ಆ ಗದ್ದಲದಲ್ಲಿ ಹಿಂದೆ ಬಿದ್ದ ಮಕ್ಕಳಿಗೆಂದು ಎಷ್ಟೋ ಸ್ಕೂಲ್ ಡಿಸ್ಟ್ರಿಕ್ಟ್‌ಗಳು (ಊರಿನ ಸರ್ಕಾರಿ ಶಾಲೆಗಳ ಆಡಳಿತ ಮಂಡಳಿಗಳು) ಸಣ್ಣ ಶಾಲೆಗಳನ್ನು ನಡೆಸುತ್ತವೆ. ಅದೇ ಆಲ್ಟರ್ನೇಟಿವ್ ಸ್ಕೂಲ್. ಕ್ಲಾಸಿನಲ್ಲಿ ಮಕ್ಕಳು ಕಡಿಮೆ, ಕೌನ್ಸೆಲರ್ ಹತ್ತಿರವೇ ಇರುತ್ತಾರೆ. ಒಳ್ಳೆಯ ಕಡೆಯಾದರೆ ಹುಡುಗ ಬಾರದ ದಿನ ಬೆಳಿಗ್ಗೆಯೇ ಮನೆಗೆ ಫೋನ್ ಬರುತ್ತದೆ.

ಹಿಂದೆ ಬಿದ್ದವರು ಯಾರೆಂದು ತಿಳಿಯಲು ಶಾಲೆಯವರು ಮೊದಲು ನೋಡುವುದು ಮೂರು: ಹಾಜರಿ, ನಡತೆ, ಇಂಗ್ಲಿಷ್-ಗಣಿತದ ಮಾರ್ಕು. ನಮ್ಮವರು ಎಡವುವುದು ಹಾಜರಿಯಲ್ಲಿ. ಶಾಲಾ ದಿನಗಳಲ್ಲಿ ಶೇಕಡಾ 10 ತಪ್ಪಿದರೆ ಅದು ದೀರ್ಘಕಾಲದ ಗೈರು. ವರ್ಷಕ್ಕೆ 180 ದಿನವಿರುವ ಕಡೆ ಬರೀ 18 ದಿನ. ಚೀಟಿ ಕೊಟ್ಟು ಹಾಕಿದ ರಜೆಯೂ ಇದರಲ್ಲಿ ಸೇರುತ್ತದೆ! ಕ್ರಿಸ್ಮಸ್ ರಜೆ ಮುಗಿದ ಮೇಲೂ ಜನವರಿ 18ರ ಕೃಷ್ಣ ಮಠದ ಪರ್ಯಾಯ ಉತ್ಸವ ನೋಡಿಕೊಂಡೇ ಹೊರಡೋಣ ಅಂತ ನಿಂತರೆ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಖರ್ಚು. ಆಮೇಲೆ ನಾಲ್ಕು ಜ್ವರ ಬಂದರೆ ಮುಗಿಯಿತು.

ಆಲ್ಟರ್ನೇಟಿವ್ ಸ್ಕೂಲಿಗೆ ಹಾಕಿ ಎಂಬ ಕಾಗದ ಬಂದರೆ ಮೊದಲ ಪ್ರಶ್ನೆ: ಇದು ನಮ್ಮ ಇಷ್ಟಕ್ಕೆ ಬಿಟ್ಟದ್ದೋ, ಶಿಸ್ತಿನ ಕ್ರಮವೋ? ಇಷ್ಟಕ್ಕೆ ಬಿಟ್ಟದ್ದಾದರೆ ಹೋಗಿ ಶಾಲೆ ನೋಡಿ, ಆಮೇಲೆ ಹೇಳಿ. ಶಿಸ್ತಿನದ್ದಾದರೆ ಹುಡುಗನ ಮಾತು ಕೇಳಿದ್ದಾರಾ ವಿಚಾರಿಸಿ. ಸರ್ಕಾರಿ ಶಾಲೆ 10 ದಿನದೊಳಗಿನ ಸಸ್ಪೆನ್ಷನ್ ಕೊಡುವಾಗಲೂ ಆರೋಪ ತಿಳಿಸಿ ಮಗುವಿಗೆ ಮಾತಾಡಲು ಅವಕಾಶ ಕೊಡಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟ್ 1975ರಲ್ಲೇ ಹೇಳಿದೆ. ಐಇಪಿ ಎಂಬ ವಿಶೇಷ ಶಿಕ್ಷಣದ ಯೋಜನೆ ಇರುವ ಮಗುವಾದರೆ ರಕ್ಷಣೆ ಇನ್ನೂ ಹೆಚ್ಚು. ಶಿಸ್ತಿನ ಹೆಸರಲ್ಲಿ 10 ದಿನಕ್ಕಿಂತ ಜಾಸ್ತಿ ಹೊರಗಿಡುವುದಾದರೆ, ಆ ವರ್ತನೆಗೆ ಮಗುವಿನ ವೈಕಲ್ಯವೇ ಕಾರಣವೇ ಎಂದು ಸಭೆ ಸೇರಿ ನೋಡಲೇಬೇಕು. ಓದಿನಲ್ಲಿ ಗಮನ ನಿಲ್ಲುತ್ತಿಲ್ಲ ಎಂಬ ಅನುಮಾನವಿದ್ದರೆ, ವಿಶೇಷ ಶಿಕ್ಷಣ ಬೇಕೇ ಎಂದು ಮಗುವನ್ನು ಪರೀಕ್ಷೆ ಮಾಡಿ ಎಂದು ಶಾಲೆಗೆ ಇಮೇಲ್ ಹಾಕಿ. ಬಾಯಿಮಾತು ಸಾಲದು. ಶಾಲೆ ಪರೀಕ್ಷೆ ಮಾಡಿದರೆ ಅದಕ್ಕೆ ದುಡ್ಡಿಲ್ಲ.

ಸಭೆಗೆ ದುಭಾಷಿ ಬೇಕಿದ್ದರೆ ಮೊದಲೇ ಕೇಳಿ, ಅದೂ ಉಚಿತ. ತುಳು ಸಿಗುವುದು ಕಷ್ಟ, ಕನ್ನಡ ಕೇಳಿ ನೋಡಿ. ಮಗನನ್ನೇ ದುಭಾಷಿ ಮಾಡಬೇಡಿ. ತನ್ನ ಮೇಲಿನ ದೂರನ್ನು ಅವನು ಹೇಗೆ ಅನುವಾದ ಮಾಡುತ್ತಾನೆ ಅಂತ ಗೊತ್ತಲ್ವಾ?

8ನೇ ಕ್ಲಾಸಿನ ಆಲ್ಜೀಬ್ರಾ ಅಲ್ಲಿದೆಯಾ, ಬಸ್ ಬರುತ್ತದಾ, ಇವೂ ಕೇಳಬೇಕಾದವೇ. ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ, ವಾಪಸ್ ಬರುವ ದಾರಿ. ಏನೇನು ಸುಧಾರಿಸಿದರೆ, ಯಾವ ತಿಂಗಳಲ್ಲಿ, ಯಾರು ತೀರ್ಮಾನಿಸಿ ಹಳೆ ಶಾಲೆಗೆ ಕಳಿಸುತ್ತಾರೆ? "ನೋಡೋಣ" ಅಂದರೆ ಸಹಿ ಹಾಕಬೇಡಿ. ಬರೆದು ಕೊಡಿ ಅನ್ನಿ.