ಗುಳಿಗೆಯ ಹೊತ್ತು ನೋಡಿ ಸೂಜಿ ಹಾಕಲು ಕಲಿತದ್ದು

ಕೈಕಾಲು ನಡುಗಿ ಮೈ ಬಿಗಿಯುವ ಪಾರ್ಕಿನ್ಸನ್ಸ್ ಕಾಯಿಲೆಯ ರೋಗಿಗಳಿಗೆ ಅಕ್ಯುಪಂಕ್ಚರ್ (ಸೂಜಿ ಚಿಕಿತ್ಸೆ) ಮಾಡುತ್ತೇನೆಂದು ಹೊರಟಾಗ, ನನ್ನೊಡನೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ ಬಿ.ಎನ್.ವೈ.ಎಸ್. ಓದಿದ ಗೆಳೆಯರೇ ‘ಮಂಡಿನೋವಿಗೆ ಹಾಕಿಕೊಂಡು ಸುಮ್ಮನಿರು’ ಎಂದು ನಕ್ಕಿದ್ದರು. ಮೊದಲ ಎರಡು ವರ್ಷ ಆ ನಗುವಿಗೆ ನಾನೇ ಧಾರಾಳವಾಗಿ ಕಾರಣ ಒದಗಿಸಿದೆ.

ನಡುಕವನ್ನೇ ಗುರಿಯಾಗಿಟ್ಟುಕೊಂಡದ್ದು ಮೊದಲ ತಪ್ಪು. ನಡುಕಕ್ಕೆಂದು ನೆತ್ತಿಯ ಮೇಲೆ ಗುರುತಿಸುವ ರೇಖೆ, ಕೈಕಾಲಿನ ಮೇಲಿನ ಜಿ.ಬಿ. 34, ಲಿವರ್ 3, ಎಲ್.ಐ. 4 ಎಂಬ ಬಿಂದುಗಳು, ಎಲ್ಲಕ್ಕೂ ಸೂಜಿ ಹಾಕಿ, ಸೂಜಿಗಳಿಗೆ ಸಣ್ಣ ಕರೆಂಟು ಹರಿಸುವ ಯಂತ್ರ ಜೋಡಿಸಿ, ವಾರಕ್ಕೆ ಮೂರು ಸಲ ಕೂರಿಸುತ್ತಿದ್ದೆ. ನಡುಗುವ ಕೈಯಲ್ಲಿ ಸೂಜಿ ಬಾಗುತ್ತಿತ್ತು, ಕ್ಲಿಪ್ಪು ಕಳಚಿ ಬೀಳುತ್ತಿತ್ತು, ನಡುಕ ಮಾತ್ರ ಇದ್ದಲ್ಲೇ ಇತ್ತು. ಸುಮಾರು ಆರು ಸಾವಿರ ಕೊಟ್ಟು ತಂದ ಯಂತ್ರ ಎರಡನೆಯ ಮಳೆಗಾಲಕ್ಕೇ ಕೆಟ್ಟಿತು. ಇಬ್ಬರಿಗೆ ಹಣ ಹಿಂದಿರುಗಿಸಿದೆ.

ಎರಡನೆಯ ತಪ್ಪು ಇನ್ನೂ ನಾಚಿಕೆಯದು. ನಿವೃತ್ತ ಮೇಷ್ಟ್ರೊಬ್ಬರು ಹನ್ನೊಂದು ಗಂಟೆಗೆ ಕಾಲೆಳೆಯುತ್ತಾ ಬಂದು, ಅರ್ಧ ಗಂಟೆ ಸೂಜಿ ಹಾಕಿಸಿಕೊಂಡು, ಸರಾಗವಾಗಿ ನಡೆದುಹೋದರು. ಹಿಗ್ಗಿನಿಂದ ಅವರ ನರರೋಗ ತಜ್ಞರಿಗೆ ಫೋನು ಮಾಡಿದರೆ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಗುಳಿಗೆ ಎಷ್ಟು ಗಂಟೆಗೆ ತೆಗೆದುಕೊಂಡಿದ್ದರು?’ ಹತ್ತೂಮುಕ್ಕಾಲಿಗೆ! ಆ ಗುಳಿಗೆಯಲ್ಲಿರುವ ಲೆವೊಡೋಪಾ, ಅಂದರೆ ಈ ಕಾಯಿಲೆಯ ಮುಖ್ಯ ಔಷಧ, ಅರ್ಧ, ಮುಕ್ಕಾಲು ಗಂಟೆಯಲ್ಲಿ ಹಿಡಿಯುತ್ತದೆ; ಅದರ ಕೀರ್ತಿಯನ್ನು ನಾನು ಸೂಜಿಗೆ ಕಟ್ಟಿದ್ದೆ. ಸಾಲದ್ದಕ್ಕೆ, ಈ ಕಾಯಿಲೆಯಲ್ಲಿ ಗುಣವಾಗುತ್ತದೆಂಬ ನಿರೀಕ್ಷೆಯೊಂದೇ ಮಿದುಳಿನಲ್ಲಿ ಡೋಪಮಿನ್ (ಈ ರೋಗಿಗಳಲ್ಲಿ ಕಡಿಮೆಯಾಗುವ, ಚಲನೆಗೆ ಬೇಕಾದ ರಾಸಾಯನಿಕ) ಬಿಡುಗಡೆ ಮಾಡಬಲ್ಲದೆಂದು ಕೆನಡಾದ ಸಂಶೋಧಕರು 2001ರಲ್ಲೇ ಸ್ಕ್ಯಾನ್ ಮಾಡಿ ತೋರಿಸಿದ್ದರು.

ಅಲ್ಲಿಂದ ಕ್ರಮ ಬದಲಿಸಿದೆ. ಮೊದಲ ಎರಡು ವಾರ ಸೂಜಿಯಿಲ್ಲ, ಶುಲ್ಕವೂ ಇಲ್ಲ, ಬರೀ ಅಳತೆ: ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವುದಕ್ಕೆ ಹಿಡಿಯುವ ಸೆಕೆಂಡುಗಳು, ಅದೂ ಗುಳಿಗೆ ನುಂಗಿದ ಇಷ್ಟೇ ಹೊತ್ತಿನ ನಂತರ, ಪ್ರತಿ ಸಲವೂ. ಗುಳಿಗೆಯ ಪ್ರಮಾಣವನ್ನು ನಾನು ಎಂದೂ ಮುಟ್ಟಿಲ್ಲ. ಮಿದುಳಿಗೆ ಸಾಧನ ಅಳವಡಿಸಿಕೊಂಡವರಿಗೂ ಪೇಸ್‌ಮೇಕರ್ ಇರುವವರಿಗೂ ಕರೆಂಟು ಕೊಡುವುದಿಲ್ಲ. ನಡುಕವನ್ನು ಕೈಬಿಟ್ಟು ಹೆಗಲು, ಕತ್ತುಗಳ ಬಿಗಿತ, ನಿದ್ರೆ, ಮಲಬದ್ಧತೆಗಳಿಗೆ ಗಮನ ಕೊಟ್ಟೆ. ಮಲಬದ್ಧತೆಗೆ ಹೊಕ್ಕುಳ ಪಕ್ಕದ ಎಸ್.ಟಿ. 25 ಬಿಂದು ನಮ್ಮ ವೃತ್ತಿಯವರಿಗೆ ಗೊತ್ತಿರುವುದೇ. ಕತ್ತಿನ ಸೂಜಿಗಳ ಅನುಕ್ರಮವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು.

ಈ ನಡುವೆ, ಹೆಜ್ಜೆ ನೆಲಕ್ಕಂಟಿದಂತೆ ನಿಂತುಬಿಡುವವರಿಗಾಗಿ ನಡುಮನೆಯ ಕೆಂಪು ನೆಲದ ಮೇಲೆ ರಂಗೋಲಿ ಪುಡಿಯಿಂದ ಅಡ್ಡಗೆರೆಗಳನ್ನು ಎಳೆದು ದಾಟಿಸಿ ನೋಡಿದೆ. ಹತ್ತು ರೂಪಾಯಿಯ ಪುಡಿ ಆ ತೊಂದರೆಗೆ ನನ್ನ ಸೂಜಿಗಿಂತ ಚೆನ್ನಾಗಿ ಕೆಲಸ ಮಾಡಿತೆಂದು ಒಪ್ಪಿಕೊಳ್ಳಲೇಬೇಕು.

ಹೊಸ ಕ್ರಮದಲ್ಲಿ ಹನ್ನೊಂದೋ ಹನ್ನೆರಡೋ ಜನರನ್ನು ನೋಡಿದೆ; ನಾಲ್ವರು ನಡುವೆಯೇ ಬಿಟ್ಟರು, ಉಳಿದವರಲ್ಲಿ ಐವರಿಗೆ ಅನುಕೂಲವಾಯಿತು. ಹತ್ತು ವಾರಗಳಲ್ಲಿ ಮೇಷ್ಟ್ರ ನಡಿಗೆ ಹತ್ತೊಂಬತ್ತು ಸೆಕೆಂಡಿನಿಂದ ಹದಿನೈದಕ್ಕೆ ಇಳಿಯಿತು. ಅದಕ್ಕಿಂತ ನನಗೆ ಹೆಮ್ಮೆಯೆನಿಸಿದ್ದು ಅವರ ಪತ್ನಿಯ ಮಾತು: ‘ಡಾಕ್ಟ್ರೇ, ರಾತ್ರಿ ಮಗ್ಗುಲು ಬದಲಿಸೋಕೆ ಈಗ ನನ್ನ ಎಬ್ಬಿಸೋದಿಲ್ಲ.’ ಇದರಲ್ಲಿ ಸೂಜಿಯ ಪಾಲೆಷ್ಟು, ನಂಬಿಕೆಯ ಪಾಲೆಷ್ಟು ಎಂದು ಬಿಡಿಸುವುದು ನನ್ನಂಥ ಒಂದು ಕೋಣೆಯ ಕ್ಲಿನಿಕ್ಕಿನಿಂದ ಆಗದು.

ಅಂದು ನಕ್ಕವರಲ್ಲೊಬ್ಬ ಕಳೆದ ತಿಂಗಳು ತನ್ನ ಮಾವನವರನ್ನು ಕರೆತಂದ. ಎರಡು ವಾರ ಸೂಜಿ ಮುಟ್ಟುವುದಿಲ್ಲವೆಂದಾಗ ಮತ್ತೆ ನಕ್ಕ, ಆದರೆ ಗುಳಿಗೆಯ ವೇಳಾಪಟ್ಟಿಯನ್ನು ತಾನೇ ಬರೆದುಕೊಟ್ಟು ಹೋದ.