ವರ್ಚುವಲ್ ಲಿನಕ್ಸ್‌ನಲ್ಲಿ ಲೋಕಲ್‌ಹೋಸ್ಟ್ ತೆರೆಯದಿದ್ದರೆ

ಕಲಬುರಗಿ, ಬೀದರ್‌ನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಹೊತ್ತಿನಲ್ಲಿ ಎದುರಾಗುವ ತೊಡಕಿದು. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ವರ್ಚುವಲ್‌ಬಾಕ್ಸ್ (ಒಂದು ಕಂಪ್ಯೂಟರ್ ಒಳಗೆ ಇನ್ನೊಂದನ್ನು ಓಡಿಸುವ ತಂತ್ರಾಂಶ), ಅದರೊಳಗೆ ಉಬುಂಟು ಲಿನಕ್ಸ್, ಅಲ್ಲಿ ಫ್ಲಾಸ್ಕ್ (ಪೈಥಾನ್‌ನಲ್ಲಿ ವೆಬ್ ಆ್ಯಪ್ ಕಟ್ಟುವ ಸಲಕರಣೆ) ಬಳಸಿದ ಆ್ಯಪ್ ಓಡುತ್ತಿದೆ. ವಿಂಡೋಸ್ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್:5000 ಎಂದು ಹೊಡೆದರೆ ಮಾತ್ರ ಪುಟ ಬರುವುದಿಲ್ಲ. ಅಷ್ಟಕ್ಕೇ ಉಬುಂಟು ಅಳಿಸಿ ಮತ್ತೆ ಹಾಕಲು ಹೋಗಬೇಡಿ.

ಲೋಕಲ್‌ಹೋಸ್ಟ್ ಎಂದರೆ ಯಂತ್ರ ತನ್ನನ್ನೇ ಕರೆದುಕೊಳ್ಳುವ ಹೆಸರು, ಅಂಕಿಯಲ್ಲಿ 127.0.0.1. 127ರಿಂದ ಶುರುವಾಗುವ ಐಪಿ ವಿಳಾಸಗಳೆಲ್ಲ ಲೂಪ್‌ಬ್ಯಾಕ್‌ಗೆ ಮೀಸಲು. ಅಲ್ಲಿಗೆ ಕಳಿಸಿದ ಪ್ಯಾಕೆಟ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಒಳಗೇ ತಿರುಗಿ ಅದೇ ಯಂತ್ರಕ್ಕೆ ಮರಳುತ್ತದೆ. ನಮ್ಮ ಕಡೆಯ ಹಳೆಯ ವಾಡೆಯಲ್ಲಿ ಎರಡು ಸಂಸಾರಗಳಿದ್ದರೆ ಇಬ್ಬರೂ ‘ನಮ್ಮನಿ’ ಅಂತಾರೆ, ಆದರೆ ಹೊಗುವುದು ತಂತಮ್ಮ ಬಾಗಿಲು. ವಿಂಡೋಸ್‌ನ ಲೋಕಲ್‌ಹೋಸ್ಟ್, ಉಬುಂಟುವಿನ ಲೋಕಲ್‌ಹೋಸ್ಟ್ ಹಾಗೆಯೇ ಬೇರೆ ಬೇರೆ.

ಮೊದಲು ಉಬುಂಟು ಒಳಗೆ ನೋಡಿ. (ಕಮಾಂಡ್‌ಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.) ‘ಪಿಂಗ್ 127.0.0.1’ ಕೊಡಿ. ಇದಕ್ಕೆ ಇಂಟರ್‌ನೆಟ್ ಬೇಕಿಲ್ಲ, ಹಾಸ್ಟೆಲ್ ವೈಫೈ ಹೋಗಿದ್ದರೂ ಉತ್ತರ ಬರಲೇಬೇಕು. ಬರದಿದ್ದರೆ ‘ಐಪಿ ಅಡ್ರೆಸ್ ಶೋ ಲೋ’ ಎಂದು ಕೇಳಿ (‘ಲೋ’ ಎಂದರೆ ಲೂಪ್‌ಬ್ಯಾಕ್ ಇಂಟರ್‌ಫೇಸ್). ಸ್ಟೇಟ್ ‘ಅನ್‌ನೋನ್’ ಎಂದಿದ್ದರೆ ಹೆದರಬೇಡಿ, ಲೂಪ್‌ಬ್ಯಾಕ್‌ಗೆ ಅದೇ ಸಹಜ. ‘ಡೌನ್’ ಎಂದಿದ್ದರೆ ‘ಸುಡೋ ಐಪಿ ಲಿಂಕ್ ಸೆಟ್ ಲೋ ಅಪ್’. ಅಪ್ ಇದ್ದೂ ಪಿಂಗ್ ಸುಮ್ಮನಿದ್ದರೆ, ನೀವೇ ಬರೆದ ಫೈರ್‌ವಾಲ್ ನಿಯಮ ಲೋ ಇಂಟರ್‌ಫೇಸನ್ನೂ ತಡೆದಿದೆಯೇ ಎಂದು ನೋಡಿ. 127.0.0.1ಕ್ಕೆ ಉತ್ತರ ಬಂದು ‘ಲೋಕಲ್‌ಹೋಸ್ಟ್’ ಎಂಬ ಹೆಸರಿಗೆ ಬರದಿದ್ದರೆ /ಇಟಿಸಿ/ಹೋಸ್ಟ್ಸ್ ಫೈಲ್‌ನಲ್ಲಿ ‘127.0.0.1 ಲೋಕಲ್‌ಹೋಸ್ಟ್’ ಸಾಲು ಅಳಿದಿರಬಹುದು.

ಇಷ್ಟೆಲ್ಲ ಸರಿಯಿದ್ದರೆ ‘ಎಸ್‌ಎಸ್ -ಟಿಎಲ್‌ಎನ್’ ಓಡಿಸಿ, ಯಾವ ವಿಳಾಸ, ಪೋರ್ಟ್‌ಗಳಲ್ಲಿ ಕರೆಗೆ ಕಾಯಲಾಗುತ್ತಿದೆ ಎಂದು ಅದು ತೋರಿಸುತ್ತದೆ. ನನ್ನ ಪ್ರಕಾರ ಮುಖ್ಯ ಹೆಜ್ಜೆ ಇದೇ. 127.0.0.1:5000 ಎಂದು ಕಂಡರೆ ಫ್ಲಾಸ್ಕ್ ತನ್ನ ಯಂತ್ರದ ಒಳಗಿನ ಕರೆಗಷ್ಟೇ ಓಗೊಡುತ್ತಿದೆ ಎಂದರ್ಥ. ಫ್ಲಾಸ್ಕ್ ಹುಟ್ಟಿನಿಂದಲೇ ಹಾಗೆ. ‘ಫ್ಲಾಸ್ಕ್ ರನ್ --ಹೋಸ್ಟ್=0.0.0.0’ ಎಂದು ಶುರು ಮಾಡಿದರೆ ಹೊರಗಿನ ಕರೆಯನ್ನೂ ಕೇಳುತ್ತದೆ.

ಆಮೇಲೆ ವರ್ಚುವಲ್‌ಬಾಕ್ಸ್‌ನ ನೆಟ್‌ವರ್ಕ್ ಸೆಟ್ಟಿಂಗ್‌ಗೆ ಬನ್ನಿ. ಅದು ಸಾಮಾನ್ಯವಾಗಿ ನ್ಯಾಟ್‌ನಲ್ಲಿ (ಉಬುಂಟುವನ್ನು ವಿಂಡೋಸ್‌ನ ಮರೆಯಲ್ಲಿಡುವ ವಿಧಾನ) ಇರುತ್ತದೆ, ಉಬುಂಟುವಿಗೆ 10.0.2.15 ಸಿಕ್ಕಿರುತ್ತದೆ. ವಿಂಡೋಸ್‌ನಿಂದ ಅಲ್ಲಿಗೆ ನೇರ ದಾರಿಯಿಲ್ಲ. ವಿಂಡೋಸ್‌ನ ಪೋರ್ಟ್‌ಗೆ ಬಂದ ಕರೆಯನ್ನು ಉಬುಂಟುವಿಗೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್‌ನಲ್ಲಿ ಹೊಸ ನಿಯಮ ಸೇರಿಸಿ: ಪ್ರೋಟೋಕಾಲ್ ಟಿಸಿಪಿ, ಹೋಸ್ಟ್ ಐಪಿ 127.0.0.1, ಹೋಸ್ಟ್ (ವಿಂಡೋಸ್), ಗೆಸ್ಟ್ (ಉಬುಂಟು) ಎರಡರ ಪೋರ್ಟ್ 5000, ಗೆಸ್ಟ್ ಐಪಿ ಖಾಲಿ. ಈ ನಿಯಮವೊಂದನ್ನೇ ಹಾಕಿ ಫ್ಲಾಸ್ಕನ್ನು ಹಾಗೇ ಬಿಟ್ಟರೆ ಪುಟ ತೆರೆಯುವುದಿಲ್ಲ. ಏಕೆಂದರೆ ಫಾರ್ವರ್ಡ್ ಆದ ಕರೆ ಬಂದು ತಟ್ಟುವುದು 10.0.2.15ರ ಬಾಗಿಲನ್ನು, 127.0.0.1ರದ್ದನ್ನಲ್ಲ.

ನ್ಯಾಟ್ ಬದಲು ಬ್ರಿಡ್ಜ್ಡ್ ಅಡಾಪ್ಟರ್ ಹಾಕಿಕೊಂಡರೆ ಜೋಕೆ. ಆಗ ಉಬುಂಟು ನೇರವಾಗಿ ನಿಮ್ಮ ನೆಟ್‌ವರ್ಕ್‌ಗೇ ಸೇರುತ್ತದೆ, ಅದೇ ವೈಫೈನಲ್ಲಿರುವ ಯಾರು ಬೇಕಾದರೂ ನಿಮ್ಮ ಆ್ಯಪ್ ತೆರೆಯಬಹುದು. 0.0.0.0 ಕೊಟ್ಟಾಗ ಫ್ಲಾಸ್ಕ್‌ನ ಡಿಬಗ್ (ದೋಷ ಹುಡುಕುವ) ಮೋಡ್ ಆಫ್ ಇರಲಿ, ಅದರ ಕನ್ಸೋಲ್ ಮೂಲಕ ನಿಮ್ಮ ಯಂತ್ರದಲ್ಲಿ ಬೇರೆಯವರು ಕೋಡ್ ಓಡಿಸಲು ಸಾಧ್ಯ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ವಿಳಾಸವನ್ನಂತೂ 127.0.0.1ರಲ್ಲೇ ಬಿಡಿ. ಆ್ಯಪ್, ಡೇಟಾಬೇಸ್ ಎರಡೂ ಒಂದೇ ಉಬುಂಟುವಿನಲ್ಲಿದ್ದಾಗ ಅವುಗಳ ಮಾತುಕತೆಗೆ ಲೂಪ್‌ಬ್ಯಾಕ್ ಸಾಕು.