ಅಮೆರಿಕದಲ್ಲಿ ಸ್ಕ್ಯಾನ್ ಮಾಡಿಸುವ ಮುಂಚೆ: ರಿಪೋರ್ಟ್ ಬರೆಯುವ ಡಾಕ್ಟರ್ ಯಾರು, ನಿಮ್ಮ ಇನ್ಶೂರೆನ್ಸ್‌ನಲ್ಲಿ ಇದ್ದಾರಾ?

ಅಮೆರಿಕದ ಆಸ್ಪತ್ರೆಯಲ್ಲಿ ಎಂಆರ್‌ಐ ಅಥವಾ ಸಿಟಿ ಸ್ಕ್ಯಾನ್ ಮಾಡಿಸಿದರೆ ಸಾಮಾನ್ಯವಾಗಿ ಎರಡು ಬಿಲ್ ಬರುತ್ತವೆ. ಒಂದು ಯಂತ್ರಕ್ಕೆ, ಜಾಗಕ್ಕೆ, ಸ್ಕ್ಯಾನ್ ಮಾಡಿದ ಸಿಬ್ಬಂದಿಗೆ. ಇನ್ನೊಂದು ಆ ಚಿತ್ರಗಳನ್ನು ನೋಡಿ ರಿಪೋರ್ಟ್ ಬರೆದ ರೇಡಿಯಾಲಜಿಸ್ಟ್‌ಗೆ. ಅವರನ್ನು ನೀವು ಆರಿಸಿರುವುದಿಲ್ಲ, ಮುಖ ಕೂಡ ನೋಡಿರುವುದಿಲ್ಲ. ಆದರೆ ಗಡ್ಡೆ ಇದೆಯಾ ಇಲ್ಲವಾ ಅಂತ ಹೇಳುವವರು ಅವರೇ. ಎಷ್ಟೋ ಆಸ್ಪತ್ರೆಗಳಲ್ಲಿ ಅವರು ಆಸ್ಪತ್ರೆಯ ನೌಕರರಲ್ಲ, ಬೇರೆ ರೇಡಿಯಾಲಜಿ ಗ್ರೂಪಿಗೆ ಸೇರಿದವರು. ಹಾಗಾಗಿ ಆಸ್ಪತ್ರೆ ನಿಮ್ಮ ನೆಟ್‌ವರ್ಕ್‌ನಲ್ಲಿದ್ದರೂ (ಅಂದರೆ ನಿಮ್ಮ ಇನ್ಶೂರೆನ್ಸ್ ಕಂಪನಿಯ ಜೊತೆ ಒಪ್ಪಂದ ಇದ್ದರೂ) ಡಾಕ್ಟರ್ ಇಲ್ಲದೆ ಇರಬಹುದು. ಇದನ್ನು ಮೊದಲೇ ವಿಚಾರಿಸಿಕೊಳ್ಳುವುದು ಕಷ್ಟವಲ್ಲ, ಎರಡು ಫೋನ್ ಕರೆ ಮಾಡುವ ತಾಳ್ಮೆ ಇದ್ದರೆ ಸಾಕು.

ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿ: ಇಲ್ಲಿ ಸ್ಕ್ಯಾನ್ ಓದುವ ಗ್ರೂಪ್ ಯಾವುದು? ಇಂಥ ಡಾಕ್ಟರೇ ಓದುತ್ತಾರೆ ಅಂತ ಮೊದಲೇ ಹೇಳುವುದು ಅವರಿಗೂ ಕಷ್ಟ, ಆದರೆ ಗ್ರೂಪಿನ ಹೆಸರನ್ನು ಹೇಳಬಲ್ಲರು. ಸ್ಕ್ಯಾನ್ ಮುಗಿದ ಮೇಲೆ ರಿಪೋರ್ಟಿನ ಕೊನೆಯಲ್ಲಿ ಸಹಿ ಮಾಡಿದ ಡಾಕ್ಟರ್ ಹೆಸರು ಇರುತ್ತದೆ.

ಹೆಸರು ಸಿಕ್ಕಿದ ಮೇಲೆ ಜನ ಮೊದಲು ಗೂಗಲ್ ಸ್ಟಾರ್ ನೋಡುತ್ತಾರೆ. ರೇಡಿಯಾಲಜಿಸ್ಟ್ ವಿಷಯದಲ್ಲಿ ಅದು ಸುಮ್ನೆ ಟೈಮ್ ವೇಸ್ಟ್. ರೋಗಿಗಳು ಅವರನ್ನು ನೋಡಿಯೇ ಇರುವುದಿಲ್ಲ, ಅಲ್ವಾ? ಸರ್ಕಾರದ ಎನ್‌ಪಿಐ ರಿಜಿಸ್ಟ್ರಿಯಲ್ಲಿ (ಡಾಕ್ಟರುಗಳ ಗುರುತಿನ ನಂಬರಿನ ಪಟ್ಟಿ) ಹೆಸರು, ರಾಜ್ಯ ಹಾಕಿ ಹುಡುಕಿ. 10 ಅಂಕಿಯ ನಂಬರು, ಕೆಲಸದ ವಿಳಾಸ, ಡಯಾಗ್ನೋಸ್ಟಿಕ್ ರೇಡಿಯಾಲಜಿ ಅನ್ನುವ ವಿಭಾಗ ಎಲ್ಲ ಸಿಗುತ್ತದೆ. ಆದರೆ ಇದು ಗುರುತಿನ ನಂಬರ್ ಮಾತ್ರ. ಅಲ್ಲಿರುವ ವಿವರಗಳನ್ನು ಕೊಟ್ಟಿರುವವರು ಆ ಡಾಕ್ಟರೇ, ಎನ್‌ಪಿಐ ಇದೆ ಅಂದ ಮಾತ್ರಕ್ಕೆ ಲೈಸೆನ್ಸ್ ಸರಿಯಾಗಿದೆ ಅಂತ ಅರ್ಥವಲ್ಲ.

ಲೈಸೆನ್ಸ್ ನೋಡಬೇಕಾದರೆ ಆಯಾ ರಾಜ್ಯದ ಮೆಡಿಕಲ್ ಬೋರ್ಡ್ ಸೈಟಿಗೆ ಹೋಗಿ, ಶಿಸ್ತು ಕ್ರಮ ಏನಾದರೂ ಆಗಿದ್ದರೆ ಅದೂ ಅಲ್ಲಿ ಕಾಣುತ್ತದೆ. ರಾತ್ರಿ ಹೊತ್ತಿನ ಸ್ಕ್ಯಾನುಗಳನ್ನು ಎಷ್ಟೋ ಸಲ ಬೇರೆ ರಾಜ್ಯದಲ್ಲಿ ಕೂತವರು ಓದುತ್ತಾರೆ. ಅಂಥವರಿಗೆ ಸಾಮಾನ್ಯವಾಗಿ ರೋಗಿ ಇರುವ ರಾಜ್ಯದ ಲೈಸೆನ್ಸೂ ಬೇಕು.

ಆಮೇಲೆ ಬೋರ್ಡ್ ಸರ್ಟಿಫಿಕೇಶನ್. ಇದನ್ನು ಕೊಡುವುದು 1934ರಲ್ಲಿ ಶುರುವಾದ ಅಮೆರಿಕನ್ ಬೋರ್ಡ್ ಆಫ್ ರೇಡಿಯಾಲಜಿ. ಮೆಡಿಕಲ್ ಕಾಲೇಜು ಮುಗಿಸಿ, 1 ವರ್ಷ ಕ್ಲಿನಿಕಲ್ ತರಬೇತಿ, 4 ವರ್ಷ ರೇಡಿಯಾಲಜಿ ರೆಸಿಡೆನ್ಸಿ, ಜೊತೆಗೆ ಪರೀಕ್ಷೆ: ಇದು ಮಾಮೂಲಿ ದಾರಿ. ಹೆಸರಿನ ಮುಂದೆ ಡಿಒ (ಎಂಡಿ ಥರದ್ದೇ ಇನ್ನೊಂದು ಡಾಕ್ಟರ್ ಪದವಿ, ಆಸ್ಟಿಯೋಪತಿಕ್) ಅಂತ ಇದ್ದರೆ ಸರ್ಟಿಫಿಕೇಟ್ ಆಸ್ಟಿಯೋಪತಿಕ್ ಬೋರ್ಡಿನದ್ದೂ ಇರಬಹುದು, ಗಾಬರಿ ಬೇಡ. ನಮ್ಮ ಕಡೆ ಎಂಬಿಬಿಎಸ್ ಮುಗಿಸಿ ಹೋದವರ ಹೆಸರನ್ನೂ ಇದೇ ರೀತಿ ನೋಡಿ. ಊರಿನವರು ಅನ್ನುವ ಪ್ರೀತಿ ಬೇರೆ, ಸರ್ಟಿಫಿಕೇಟ್ ಬೇರೆ.

ನನ್ನ ಪ್ರಕಾರ ಇದೆಲ್ಲಕ್ಕಿಂತ ಜಾಸ್ತಿ ನೋಡಬೇಕಾದದ್ದು ಫೆಲೋಶಿಪ್. ರೆಸಿಡೆನ್ಸಿ ಆದ ಮೇಲೆ ತುಂಬಾ ಜನ ಇನ್ನೊಂದು ವರ್ಷ ಮೆದುಳು, ಸ್ತನ, ಮೂಳೆ-ಕೀಲು, ಮಕ್ಕಳು ಹೀಗೆ ಒಂದೇ ವಿಭಾಗದಲ್ಲಿ ಕಲಿಯುತ್ತಾರೆ. ಮಗುವಿಗೆ ಮೆದುಳಿನ ಎಂಆರ್‌ಐ ಇದ್ದರೆ ಅದನ್ನು ಓದುವವರಿಗೆ ಆ ತರಬೇತಿ ಇದೆಯಾ ಅಂತ ಕೇಳುವ ಹಕ್ಕು ನಿಮಗೆ ಖಂಡಿತ ಇದೆ. ಸ್ತನ ಮತ್ತು ಮೂಳೆ-ಕೀಲು ವಿಭಾಗಗಳಿಗೆ ಅಮೆರಿಕನ್ ಬೋರ್ಡ್ ಆಫ್ ರೇಡಿಯಾಲಜಿಯ ಪ್ರತ್ಯೇಕ ಸರ್ಟಿಫಿಕೇಟ್ ಇಲ್ಲ, ಅದಕ್ಕೆ ಗ್ರೂಪಿನ ಸೈಟಿನಲ್ಲಿ ಫೆಲೋಶಿಪ್ ವಿವರ ಹುಡುಕಿ.

ಈಗ ಇನ್ಶೂರೆನ್ಸ್. ರೇಡಿಯಾಲಜಿ ಗ್ರೂಪಿಗೆ ಫೋನ್ ಮಾಡಿದಾಗ "ನಮ್ಮ ಇನ್ಶೂರೆನ್ಸ್ ತಗೊಳ್ತೀರಾ?" ಅಂತ ಕೇಳಲೇಬೇಡಿ. ಹೌದು ಅಂದುಬಿಡುತ್ತಾರೆ, ಅದರ ಅರ್ಥ ಇನ್ಶೂರೆನ್ಸ್ ಕಂಪನಿಗೆ ಕ್ಲೇಮ್ ಕಳಿಸುತ್ತೇವೆ ಅಂತ ಅಷ್ಟೇ ಇರಬಹುದು. ಕಾರ್ಡ್ ಕೈಯಲ್ಲಿ ಹಿಡಿದು ಪ್ಲ್ಯಾನಿನ ಪೂರ್ತಿ ಹೆಸರು ಹೇಳಿ, ಈ ಪ್ಲ್ಯಾನಿಗೆ ನೀವು ಇನ್-ನೆಟ್‌ವರ್ಕಾ ಅಂತ ಕೇಳಿ. ಗ್ರೂಪಿನ ಟ್ಯಾಕ್ಸ್ ಐಡಿ ಮತ್ತು ಸ್ಕ್ಯಾನಿನ ಸಿಪಿಟಿ ಕೋಡ್ (ಬಿಲ್ಲಿನಲ್ಲಿ ಆಯಾ ಪರೀಕ್ಷೆಯನ್ನು ಗುರುತಿಸುವ ನಂಬರ್) ಬರೆದುಕೊಳ್ಳಿ. ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ಔಷಧ) ಇಲ್ಲದ ಮೆದುಳಿನ ಎಂಆರ್‌ಐಗೆ 70551, ಆ ಥರ. ನಂತರ ಕಾರ್ಡಿನ ಹಿಂದಿರುವ ನಂಬರಿಗೆ ಫೋನ್ ಮಾಡಿ ಅದೇ ವಿವರ ಕೊಟ್ಟು ಕೇಳಿ, ಪ್ರೀ-ಆಥರೈಸೇಶನ್ (ಇನ್ಶೂರೆನ್ಸ್ ಕಂಪನಿಯ ಮುಂಗಡ ಒಪ್ಪಿಗೆ) ಬೇಕಾ ಅಂತಲೂ ವಿಚಾರಿಸಿ. ತಾರೀಕು, ಮಾತಾಡಿದವರ ಹೆಸರು, ರೆಫರೆನ್ಸ್ ನಂಬರ್ ಇಟ್ಟುಕೊಳ್ಳಿ.

ಅನಿರೀಕ್ಷಿತ ಬಿಲ್‌ಗಳನ್ನು ತಡೆಯಲು 2022ರ ಜನವರಿ 1ರಿಂದ ನೋ ಸರ್ಪ್ರೈಸಸ್ ಆಕ್ಟ್ ಅನ್ನುವ ಕೇಂದ್ರ ಕಾನೂನು ಜಾರಿಯಲ್ಲಿದೆ. ಎಮರ್ಜೆನ್ಸಿ ಚಿಕಿತ್ಸೆಗೆ ಅಥವಾ ನಿಮ್ಮ ನೆಟ್‌ವರ್ಕಿನ ಆಸ್ಪತ್ರೆಯಲ್ಲಿ ಮಾಡಿಸಿದ ಸ್ಕ್ಯಾನಿಗೆ, ನೆಟ್‌ವರ್ಕಿನ ಹೊರಗಿನ ರೇಡಿಯಾಲಜಿಸ್ಟ್ ನಿಮ್ಮಿಂದ ಇನ್-ನೆಟ್‌ವರ್ಕ್ ಪಾಲಿಗಿಂತ ಜಾಸ್ತಿ ಕೇಳುವಂತಿಲ್ಲ. ಆಸ್ಪತ್ರೆಯ ಇಂಥ ಸ್ಕ್ಯಾನಿಗೆ ಹಕ್ಕು ಬಿಟ್ಟುಕೊಡುತ್ತೇನೆ ಅಂತ ನಿಮ್ಮಿಂದ ಸಹಿ ಹಾಕಿಸಿಕೊಳ್ಳುವುದಕ್ಕೂ ಅವಕಾಶವಿಲ್ಲ. ಆದರೆ ಒಂದು ದೊಡ್ಡ ಕಿಂಡಿ ಇದೆ: ಆಸ್ಪತ್ರೆಗೆ ಸೇರದ, ಶಾಪಿಂಗ್ ಸೆಂಟರಿನಲ್ಲೋ ಎಲ್ಲೋ ಇರುವ ಸ್ವತಂತ್ರ ಇಮೇಜಿಂಗ್ ಸೆಂಟರಿನ ಮಾಮೂಲಿ ಸ್ಕ್ಯಾನಿಗೆ ಈ ಕೇಂದ್ರ ಕಾನೂನಿನ ರಕ್ಷಣೆ ಸಿಗುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ರೇಟು ಕಮ್ಮಿ ಇರುತ್ತದೆ ನಿಜ, ನಾನೂ ಅಲ್ಲಿಗೇ ಹೋಗಿ ಅನ್ನುತ್ತೇನೆ, ಆದರೆ ಓದುವ ಗ್ರೂಪ್ ನೆಟ್‌ವರ್ಕಿನಲ್ಲಿದೆ ಅಂತ ಖಚಿತ ಮಾಡಿಕೊಂಡ ಮೇಲೆ.

ಅಪ್ಪ ಅಮ್ಮ ಮೆಡಿಕೇರ್‌ನಲ್ಲಿದ್ದರೆ (ಮುಖ್ಯವಾಗಿ ಹಿರಿಯರಿಗಾಗಿ ಇರುವ ಸರ್ಕಾರಿ ಇನ್ಶೂರೆನ್ಸ್) ಮೆಡಿಕೇರ್ ಸೈಟಿನ ಕೇರ್ ಕಂಪೇರ್‌ನಲ್ಲಿ ಡಾಕ್ಟರ್ ಹೆಸರು ಹುಡುಕಿ. ಮೆಡಿಕೇರ್ ಒಪ್ಪಿದ ಮೊತ್ತವನ್ನೇ ಪೂರ್ತಿ ಹಣ ಅಂತ ತೆಗೆದುಕೊಳ್ಳುತ್ತಾರಾ ಅಂತ ಅಲ್ಲಿ ಗೊತ್ತಾಗುತ್ತದೆ. ಹೌದಾದರೆ ಒರಿಜಿನಲ್ ಮೆಡಿಕೇರ್‌ನಲ್ಲಿ ಡಿಡಕ್ಟಿಬಲ್ (ಮೊದಲು ನಾವೇ ಕೈಯಿಂದ ಕಟ್ಟಬೇಕಾದ ಮೊತ್ತ) ಕಳೆದ ಮೇಲೆ ಡಾಕ್ಟರ್ ಫೀಸಿನಲ್ಲಿ ಅಪ್ಪ ಅಮ್ಮ ಕಟ್ಟಬೇಕಾದ ಪಾಲು ಸಾಮಾನ್ಯವಾಗಿ 20%.

ವಿಸಿಟರ್ ಇನ್ಶೂರೆನ್ಸ್ ಮೇಲೆ ಬಂದ ಅಪ್ಪ ಅಮ್ಮನ ಪರಿಸ್ಥಿತಿ ಬೇರೆ. ನೋ ಸರ್ಪ್ರೈಸಸ್ ಆಕ್ಟಿನ ನೆಟ್‌ವರ್ಕ್ ರಕ್ಷಣೆ ಆ ಪಾಲಿಸಿಗಳಿಗೆ ಅನ್ವಯಿಸುವುದಿಲ್ಲ. ಮೊದಲೇ ಗೊತ್ತಾದ ಸ್ಕ್ಯಾನ್ ಆದರೆ ಸೆಲ್ಫ್-ಪೇ (ನಾವೇ ಹಣ ಕಟ್ಟುತ್ತೇವೆ) ಅಂತ ಹೇಳಿ, ಗುಡ್ ಫೇಯ್ತ್ ಎಸ್ಟಿಮೇಟ್ (ಖರ್ಚು ಎಷ್ಟಾಗಬಹುದು ಅನ್ನುವ ಅಂದಾಜು) ಬರವಣಿಗೆಯಲ್ಲಿ ಕೇಳಿ. ಅದರಲ್ಲಿ ರೇಡಿಯಾಲಜಿಸ್ಟ್ ಫೀಸ್ ಸೇರಿದೆಯಾ ಅಂತ ನೋಡಿ, ಸೇರಿರದಿದ್ದರೆ ಆ ಗ್ರೂಪಿನಿಂದ ಬೇರೆ ಎಸ್ಟಿಮೇಟ್ ತರಿಸಿ. ಕೊನೆಗೆ ಬಂದ ಬಿಲ್ ಅದನ್ನು ಕೊಟ್ಟವರ ಎಸ್ಟಿಮೇಟಿಗಿಂತ 400 ಡಾಲರ್ ಅಥವಾ ಇನ್ನೂ ಜಾಸ್ತಿ ಇದ್ದರೆ 120 ದಿನದೊಳಗೆ ತಕರಾರು ಹಾಕಬಹುದು. ಅದಕ್ಕೆ ಸರ್ಕಾರದ ಸಹಾಯವಾಣಿ 1-800-985-3059.